ಅಳಿಯಂದಿರು ಹಿತ್ತಿಲಿಗೆ ಹೋದ ದಿನ

ಆ ಊರಿನಲ್ಲಿ ಅವನಿಗೆ ಹೆಸರೇ ಇರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಕಂಪನಿಯ ಗುರುತಿನ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿಯೂ ಇತ್ತು. ಆದರೆ ಹೆಂಡತಿಯ ತವರೂರಿಗೆ ಕಾಲಿಟ್ಟ ಗಳಿಗೆಯಿಂದ ಆ ಚೀಟಿ ಅಂಗಿಯ ಜೇಬಿನೊಳಗೆ ತೆಪ್ಪಗೆ ಕೂತುಬಿಡುತ್ತಿತ್ತು. ಹಲ್ಲಿಲ್ಲದ ಮುದುಕರಿಂದ ಹಿಡಿದು ಈಗಷ್ಟೇ ತೊದಲು ಕಲಿತ ಕೂಸಿನವರೆಗೆ ಎಲ್ಲರ ಬಾಯಲ್ಲೂ ಅವನು ‘ಅಳಿಯಂದ್ರು’. ಅಷ್ಟು ಸಣ್ಣ ಊರಿನಲ್ಲಿ ಒಂದು ಮನೆಯ ಅಳಿಯನೆಂದರೆ ಊರಿಗೆಲ್ಲ ಅಳಿಯ. ಆ ಮರ್ಯಾದೆ ಅವನಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಪೇಟೆಯಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ತನ್ನನ್ನಲ್ಲವೆಂದುಕೊಂಡು ಮುಂದೆ ಹೋಗಿಬಿಡುತ್ತಿದ್ದ. ನಾವೂ ಅವನನ್ನು ಅಳಿಯ ಎಂದೇ ಕರೆಯೋಣ. ಬಹುವಚನ ಮಾತ್ರ ಬೇಡ, ಅದರಿಂದ ಆದ ಅನಾಹುತವೇ ಸಾಕು.

ಅವನಿದ್ದದ್ದು ಮರದ ಕಂಪನಿಯಲ್ಲಿ. ಗುಡ್ಡಕ್ಕೆ ಗುಡ್ಡವನ್ನೇ ಗುತ್ತಿಗೆ ಹಿಡಿದು, ಸಾಲಾಗಿ ನೀಲಗಿರಿ ನೆಟ್ಟು, ಬೆಳೆದಂತೆ ಕಡಿದು ಕಾಗದದ ಕಾರ್ಖಾನೆಗೆ ಸಾಗಿಸುವ ಕಂಪನಿ ಅದು. ಮೊದಮೊದಲು ಅವನ ಕೆಲಸ ಲಾರಿಗೆ ದಿಮ್ಮಿ ತುಂಬಿಸುವ ಉಸ್ತುವಾರಿ. ಸಂಜೆ ಮನೆಗೆ ಹೋದರೆ ತೊಗಟೆಯ ಪುಡಿ ಕಿವಿಯೊಳಗೂ ಇರುತ್ತಿತ್ತು. ದಿಮ್ಮಿ ಪೇರಿಸಿಡುವ ಡಿಪೋದ ಗೇಟಿಗೆ ಸೊಪ್ಪಿನ ಬುಟ್ಟಿ ಹೊತ್ತು ಒಬ್ಬ ಹುಡುಗಿ ಬರುತ್ತಿದ್ದಳು. ಗುಡ್ಡದ ಬುಡದ ಊರಿನವಳು, ತಂದೆ ಇಲ್ಲ, ತಾಯಿ ಬೆಳೆದ ಸೊಪ್ಪು. ಅಷ್ಟು ಎಳೆಯ, ಅಷ್ಟು ಹಸಿರಾದ ಹರಿವೆಯನ್ನು ಅವನು ಕಂಡೇ ಇರಲಿಲ್ಲ. ದಿನವೂ ಕೊಂಡ. ಬೇಕಾಗಲಿ ಬೇಡವಾಗಲಿ ಕೊಂಡ. ಕಡೆಗೆ ಸೊಪ್ಪು ಮಾರುವವಳನ್ನೇ ಮದುವೆಯಾದ. “ನೀವು ಮರುಳಾಗಿದ್ದು ನನಗಲ್ಲ, ನಮ್ಮಮ್ಮನ ಹರಿವೆಗೆ. ನಾನು ಬುಟ್ಟಿ ಜೊತೆ ಉಚಿತವಾಗಿ ಬಂದೋಳು,” ಎಂದು ಹೆಂಡತಿ ಈಗಲೂ ಕಾಲೆಳೆಯುತ್ತಾಳೆ.

ಮದುವೆಯ ಸುದ್ದಿ ಹೇಗೋ ಮ್ಯಾನೇಜರ್ ಕಿವಿಗೆ ಬಿತ್ತು. ಕರೆಸಿದರು.

“ನೀವು ಆ ಗುಡ್ಡದ ಬುಡದ ಊರಿನ ಅಳಿಯ ಅಂತೆ, ಹೌದಾ?”

“ಹೌದು ಸರ್.”

“ಜನ ಚೆನ್ನಾಗಿ ನೋಡ್ಕೊಳ್ತಾರಾ?”

“ತಲೆ ಮೇಲೆ ಕೂರಿಸ್ಕೊಂಡಿದ್ದಾರೆ ಸರ್.”

“ಹಾಗಾದ್ರೆ ನಾಳೆಯಿಂದ ಲಾರಿ ಕಡೆ ಹೋಗ್ಬೇಡಿ. ಜನಸಂಪರ್ಕ ನೋಡ್ಕೊಳ್ಳಿ.”

ಅಳಿಯ ಉಬ್ಬಿಹೋದ. ಇದ್ದಕ್ಕಿದ್ದಂತೆ ಮೇಜು, ಕುರ್ಚಿ, ಓಡಾಡಲು ಬೈಕು, ಇರಲು ಕಂಪನಿಯದೇ ಎರಡು ಕೋಣೆಯ ಕ್ವಾರ್ಟರ್ಸು! ತನ್ನ ನಯ ವಿನಯ ಕಂಡು ಮೆಚ್ಚಿ ಕೊಟ್ಟಿದ್ದಾರೆ ಎಂದುಕೊಂಡ. ಪಾಪ, ಹಾಗೆಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕಿತ್ತು?

ಜನಸಂಪರ್ಕ ಅಂದರೆ ಏನು ಅಂತ ಹೇಳಬೇಕು. ಹೊರದೇಶದಲ್ಲಿ ಕಾಗದ ಕೊಳ್ಳುವ ದೊಡ್ಡ ಅಂಗಡಿಗಳು ಈಗ ಹಾಗೆಲ್ಲ ಸುಮ್ಮನೆ ಕೊಳ್ಳುವುದಿಲ್ಲ. ಆ ಮರ ಬೆಳೆದ ಕಡೆ ಯಾರಿಗೂ ಅನ್ಯಾಯವಾಗಿಲ್ಲ, ಯಾರ ನೀರೂ ಬತ್ತಿಲ್ಲ ಎಂದು ಸಾರುವ ಒಂದು ಹಸಿರು ಮುದ್ರೆ ಬೇಕು. ಅದನ್ನು ಕೊಡುವವರು ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾರೆ. ನೆಡುವ ಮುಂಚೆ ಊರಿನವರ ಒಪ್ಪಿಗೆ ಕೇಳಿದ್ರಾ, ನೀರಿನ ಸೆಲೆಯಿಂದ ದೂರ ಬಿಟ್ಟಿದ್ದೀರಾ, ದೂರು ಬಂದರೆ ಯಾರು ಕೇಳ್ತಾರೆ ಎಂದೆಲ್ಲ ವಿಚಾರಿಸುತ್ತಾರೆ. ಹಾಗಾಗಿ ಊರವರ ಸಭೆ ನಡೆಸುವುದು, ಒಪ್ಪಿಗೆ ಪಡೆಯುವುದು, ಶಾಲೆಯ ಗೋಡೆಗೆ ಹೊಡೆದ ದೂರಿನ ಪೆಟ್ಟಿಗೆಯ ಬೀಗ ತೆಗೆದು ನೋಡುವುದು, ಇಷ್ಟು ಅವನ ಕೆಲಸ. ಪೆಟ್ಟಿಗೆ ಯಾವಾಗ ತೆಗೆದರೂ ಖಾಲಿ. ಒಂದು ಸಲ ಹಲ್ಲಿ ಸಿಕ್ಕಿತ್ತು, ಅಷ್ಟೇ.

ಸಭೆಯೂ ಹಾಗೇ. ಶಾಲೆಯ ಜಗುಲಿಯಲ್ಲಿ ಎಲ್ಲರೂ ಕೂರುತ್ತಿದ್ದರು, ಅವನೊಬ್ಬನಿಗೆ ಕುರ್ಚಿ.

“ಏನಾದ್ರೂ ತೊಂದ್ರೆ ಇದ್ಯಾ? ಸಂಕೋಚ ಬೇಡ, ಹೇಳಿ.”

“ನೀವಿರುವಾಗ ನಮಗೇನು ತೊಂದ್ರೆ ಅಳಿಯಂದ್ರೇ? ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಟೀ ಕುಡೀರಿ.”

“ನೀರಿಗೆ ಏನಾದ್ರೂ...”

“ಅಯ್ಯೋ, ನೀರು ಬೇಕಿತ್ತಾ? ಲೇ, ಅಳಿಯಂದ್ರಿಗೆ ನೀರು ತಗೊಂಬಾ!”

ಹೊಳೆಯುವ ಲೋಟದಲ್ಲಿ ತಣ್ಣಗಿನ ನೀರು ಬರುತ್ತಿತ್ತು. ಅವನು ಗಟಗಟ ಕುಡಿದು, ಯಾರಿಗೂ ತೊಂದರೆ ಇಲ್ಲ ಎಂದು ಕಂಪನಿಗೆ ಹೇಳುತ್ತಿದ್ದ. ಗುಡ್ಡದ ಆಚೆ ಬದಿಗೆ ನೀಲಗಿರಿ ನೆಟ್ಟದ್ದು ಹೀಗೇ ಪಡೆದ ಒಪ್ಪಿಗೆಯ ಮೇಲೆ. “ನೀವು ಹೇಳಿದ ಮೇಲೆ ಆಯ್ತು ಬಿಡಿ,” ಅಂದಿದ್ದರು ಊರವರು. ಆ ‘ಆಯ್ತು ಬಿಡಿ’ಯನ್ನು ಅವನು ಒಪ್ಪಿಗೆಯೆಂದು ಬರೆದುಕೊಂಡಿದ್ದ. ಕೇಳಿದವನು ಅಳಿಯ. ಬೇರೆ ಏನನ್ನುತ್ತಾರೆ ಹೇಳಿ? ಮಗಳನ್ನು ಕೊಟ್ಟ ಮೇಲೆ ಅವನ ಮುಖ ಗಂಟಿಕ್ಕುವ ಮಾತನ್ನು ಯಾರಾದರೂ ಆಡುತ್ತಾರೆಯೇ? ಇಷ್ಟು ಸಣ್ಣ ಸಂಗತಿ ಅವನಿಗೆ ಹೊಳೆಯಲೇ ಇಲ್ಲ. ಮ್ಯಾನೇಜರಿಗೆ ಮಾತ್ರ ಮೊದಲ ದಿನವೇ ಹೊಳೆದಿತ್ತು.

ಅತ್ತೆಯ ಮನೆಯಲ್ಲಂತೂ ಅವನಿಗೆ ನೆಲ ಮುಟ್ಟಲೂ ಬಿಡುತ್ತಿರಲಿಲ್ಲ. ಜಗುಲಿಯ ಮೇಲೆ ಬೆತ್ತದ ಕುರ್ಚಿ, ಅದರ ಮೇಲೆ ಅತ್ತೆಯೇ ಹೊಲಿದ ಮೆತ್ತೆ. ಒಳಮನೆ ದಾಟಿ ಹಿತ್ತಿಲ ಕಡೆ ಹೊರಟರೆ ಅತ್ತೆ ಓಡಿ ಬಂದು ಅಡ್ಡ ನಿಲ್ಲುತ್ತಿದ್ದಳು. “ಅಲ್ಲೆಲ್ಲ ಕೊಚ್ಚೆ ಅಳಿಯಂದ್ರೇ, ನಿಮ್ಮ ಬೂಟು ಹಾಳಾಗತ್ತೆ. ನೀವು ಕೂತ್ಕೊಳ್ಳಿ.” ಮದುವೆಯಾದ ಹೊಸತರಲ್ಲಿ ಒಮ್ಮೆ ಕಣ್ಣು ತಪ್ಪಿಸಿ ನೋಡಿ ಬಂದಿದ್ದ. ನಿಜಕ್ಕೂ ಕೊಚ್ಚೆಯೇ. ಗುಡ್ಡದ ಬುಡದ ಬಂಡೆಯ ಸಂದಿಯಿಂದ ಒರತೆ ಜಿನುಗಿ, ಕಲ್ಲಿನ ತೊಟ್ಟಿಗೆ ತುಂಬಿ, ಮಿಕ್ಕದ್ದು ಸಣ್ಣ ಕಾಲುವೆಯಾಗಿ ಸೊಪ್ಪಿನ ಪಾತಿಗಳಿಗೆ ಹರಿಯುತ್ತಿತ್ತು. ಊರಿನವರು ಕುಡಿಯಲು ಒಯ್ಯುವುದೂ ಆ ತೊಟ್ಟಿಯಿಂದಲೇ. ಬೂಟು ಹಾಳು ಮಾಡಿಕೊಂಡು ಹೆಂಡತಿಯಿಂದ ಬೈಸಿಕೊಂಡಿದ್ದ.

ಪ್ರತಿ ಸಲ ಹೊರಡುವಾಗಲೂ ಅತ್ತೆ ಒಂದು ದೊಡ್ಡ ಕಟ್ಟು ಹರಿವೆ ಕೈಗಿಡುತ್ತಿದ್ದಳು. ಬಾಳೆಯ ನಾರಿನಿಂದ ಕಟ್ಟಿದ ಕಟ್ಟು. ಒಂದು ತುದಿ ಹಿಡಿದು ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಅವಳದೇ ಒಂದು ಗಂಟು ಅದಕ್ಕೆ. ಆ ತುದಿಯನ್ನು ಎಳೆಯುವ ಸುಖವನ್ನು ಅವನು ಹೆಂಡತಿಗೂ ಬಿಟ್ಟುಕೊಡುತ್ತಿರಲಿಲ್ಲ.

ಹೀಗಿರುವಾಗ ಕಂಪನಿಯ ಕಣ್ಣು ಗುಡ್ಡದ ಈಚೆ ಬದಿಗೆ ಬಿತ್ತು. ಊರಿನ ದನ ಮೇಯುವ ಇಳಿಜಾರು, ಕೆಳಗೇ ಊರಿನ ಕಡೆಯ ಮನೆ, ಅತ್ತೆಯದು. ಅದಕ್ಕೆ ಒಂಬತ್ತನೇ ಬ್ಲಾಕ್ ಎಂದು ಹೆಸರಿಟ್ಟೂ ಆಗಿತ್ತು. ಸಸಿ ತಯಾರಿದ್ದವು, ಗುಂಡಿ ತೋಡುವ ಯಂತ್ರ ಬಂದಿತ್ತು. ಸಭೆ ಮಾಡಿದ. “ಆಯ್ತು ಬಿಡಿ ಅಳಿಯಂದ್ರೇ,” ಅಂದರು. ಈ ಸಲ ಒಂದಿಬ್ಬರು ತಲೆ ಎತ್ತದೇ ಅಂದರು. ಟೀ ಮಾತ್ರ ಎಂದಿನಂತೆ ಬಂತು. ತಪಾಸಣೆಯವರು ಬಂದು ಹೋದರೆ ಮುಗಿಯಿತು, ನೆಡುವುದೇ.

ಆ ಸಭೆ ಮುಗಿಸಿ ತಂದ ಹರಿವೆಯ ಕಟ್ಟನ್ನು ಅಡಿಗೆಮನೆಯಲ್ಲಿ ಬಿಚ್ಚಲು ಹೋದವನ ಬೆರಳು ನಾರಿನ ತುದಿಗಾಗಿ ತಡಕಾಡಿತು. ತುದಿ ಇರಲಿಲ್ಲ. ಕೆಂಪು ರಬ್ಬರ್ ಬ್ಯಾಂಡು!

“ಇದೇನೇ ಇದು?”

“ನಾರು ಮುಗಿದಿರಬೇಕು,” ಅಂದಳು ಹೆಂಡತಿ, ಒಲೆಯ ಕಡೆ ತಿರುಗಿಕೊಂಡು. ಕೇಳಿದ್ದಕ್ಕಿಂತ ಬೇಗ ಬಂತು ಉತ್ತರ. ಯಾವುದಕ್ಕೂ ಒಂದು ಕೊಂಕು ಸೇರಿಸದೆ ಮಾತು ಮುಗಿಸುವವಳಲ್ಲ ಅವಳು. ಅವನು ಅದನ್ನೂ ಗಮನಿಸಲಿಲ್ಲ. ಸೊಪ್ಪು ಸ್ವಲ್ಪ ಬಲಿತಿತ್ತು, ಅಷ್ಟೇ ಅನ್ನಿಸಿತು.

ಪೇಟೆಯಲ್ಲಿ ಬಸ್ ನಿಲ್ದಾಣದ ಮೂಲೆಗೆ ತರಕಾರಿಯ ಸಾಲು. ಅಲ್ಲಿ ಸೊಪ್ಪಿನಕ್ಕ ಎಂದೇ ಹೆಸರಾದ ಒಬ್ಬ ದಪ್ಪನೆಯ ಹೆಂಗಸು. ಕಂಪನಿಯ ಬೈಕು ಕಂಡು ಅವನನ್ನು ಕೂಗಿದಳು.

“ಕಂಪನಿಯವ್ರೇ, ಆ ಗುಡ್ಡದ ಬುಡದ ಊರಿಗೆ ಹೋಗ್ತೀರಲ್ಲ, ಅಲ್ಲಿ ಕಡೇ ಮನೆ ಅಮ್ಮಂಗೆ ಒಂದು ಮಾತು ಹೇಳ್ತೀರಾ? ನಾಳಿದ್ದು ಎಳೇ ಹರಿವೆ ಬರತ್ತೆ, ತೆಗೆದಿಟ್ಟಿರ್ತೀನಿ ಅಂತ.”

“ಅವರಿಗ್ಯಾಕೆ ಹರಿವೆ? ಅವರೇ ಬೆಳೀತಾರಲ್ಲ?”

“ಅದು ಯಾವ ಕಾಲದ ಮಾತು! ಮೊದಲು ನನಗೇ ತಂದು ಹಾಕ್ತಿದ್ರು. ಈಗ ನನ್ನ ಹತ್ರಾನೇ ತಗೊಳ್ತಾರೆ. ಅಳಿಯ ಬರೋ ದಿನ ಮಾತ್ರ. ಅವನಿಗೆ ಹರಿವೆ ಅಂದ್ರೆ ಪ್ರಾಣವಂತೆ. ಹೋದ ಸಲ ಬಲಿತದ್ದು ಸಿಕ್ಕಿದ್ದಕ್ಕೆ ಅಳೋದೊಂದು ಬಾಕಿ.” ಬುಟ್ಟಿಯಿಂದ ಒಂದು ಕಟ್ಟು ಎತ್ತಿ ಕೆಂಪು ರಬ್ಬರ್ ಬ್ಯಾಂಡನ್ನು ಫಟ್ಟೆಂದು ಸರಿಮಾಡಿದಳು. “ಯಾವ ಮಹಾರಾಯನೋ ಆ ಅಳಿಯ. ಅತ್ತೆ ಮನೇಲಿ ನೀರಿದ್ಯಾ ಇಲ್ವಾ ಅಂತ ನೋಡೋಕೂ ಕಣ್ಣಿಲ್ಲ ಅನ್ಸತ್ತೆ.”

ಹೇಳ್ತೀನಿ ಎಂದು ಹೇಗೋ ಅಂದು ಬೈಕು ಹತ್ತಿದ. ಕ್ವಾರ್ಟರ್ಸಿಗೆ ಹೇಗೆ ಬಂದನೋ ಅವನಿಗೇ ನೆನಪಿಲ್ಲ.

ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಕೂಗಾಡಿದ. ನನ್ನನ್ನು ಕುರುಡನನ್ನಾಗಿ ಮಾಡಿಟ್ಟಿದ್ದೀರಿ, ತಾಯಿ ಮಗಳು ಸೇರಿಕೊಂಡು ನಾಟಕ ಆಡ್ತಿದ್ದೀರಿ, ಪೇಟೆಯ ಸೊಪ್ಪಿನವಳಿಗೆ ಗೊತ್ತಿರೋದು ನನಗೆ ಗೊತ್ತಿಲ್ಲ, ಇನ್ನೂ ಏನೇನೋ. ಅವಳು ಎಲ್ಲವನ್ನೂ ಕೇಳಿ, ಅವನ ಅಂಗಿಯನ್ನೇ ಮಡಚಿ ಪಕ್ಕಕ್ಕಿಟ್ಟಳು.

“ಆಚೆ ಬದಿಗೆ ಮರ ಎದ್ದ ಮೇಲೆ ಒರತೆ ಸಣ್ಣಗಾಯ್ತು. ಪಾತಿ ಒಣಗ್ತು. ಪೇಟೆ ಸೊಪ್ಪಿಗೇ ಅಮ್ಮ ನಾರು ಕಟ್ಟಿ ಕೊಡ್ತಿದ್ಲು, ಈಗ ಬಾಳೇನೂ ಒಣಗಿದೆ. ಈಗ ಕುಡಿಯೋಕೆ ಮಾತ್ರ ಸಿಗತ್ತೆ, ಅದೂ ಸರದಿ ಮೇಲೆ. ನಿಮಗೆ ಕೊಡ್ತಾರಲ್ಲ ಆ ಲೋಟದ ನೀರು, ಅದು ಯಾರದೋ ಸರದಿಯ ನೀರು.”

“ಮತ್ತೆ ಯಾಕೆ ಹೇಳ್ಲಿಲ್ಲ ನನಗೆ?”

“ಅಮ್ಮ ಆಣೆ ಹಾಕಿಸಿದ್ಲು. ಹೇಳಿದ್ರೆ ನಿಮ್ಮ ಕೆಲಸಕ್ಕೆ ಕುತ್ತು. ನಿಮ್ಮ ಕೆಲಸ ಹೋದ್ರೆ ನಿಮ್ಮ ಸಿಟ್ಟು ನನ್ನ ಮೇಲೆ.”

“ನಾನು ಅಂಥವನಾ?”

“ಅಲ್ಲ ಅಂತ ನನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗ್ಬೇಕು? ಅಳಿಯ ಅಂದ್ಮೇಲೆ ಒಳ್ಳೆಯವನಾದ್ರೂ ಹೆದರಿಕೇನೇ ರೀ. ನಮ್ಮಮ್ಮಂಗೆ ಹಲ್ಲು ನೋವಿದ್ರೂ ನಿಮ್ಮೆದುರು ನಗ್ತಾಳೆ.”

ಅವನು ಅಲ್ಲೇ ಹೊಸ್ತಿಲ ಮೇಲೆ ಕೂತ. ಇಷ್ಟು ವರ್ಷ ಪ್ರೀತಿ ಅಂದುಕೊಂಡದ್ದರಲ್ಲಿ ಹೆದರಿಕೆ ಎಷ್ಟಿತ್ತು, ಪ್ರೀತಿ ಎಷ್ಟಿತ್ತು? ಈಚೆ ಬದಿಗೂ ಮರ ಎದ್ದರೆ ಇರುವ ತೊಟ್ಟೂ ನಿಲ್ಲುತ್ತದೆ, ಊರು ಗಂಟುಮೂಟೆ ಕಟ್ಟಬೇಕಾಗುತ್ತದೆ. ಅದಕ್ಕೆ ಒಪ್ಪಿಗೆ ತಂದುಕೊಟ್ಟವನು ಬೇರೆ ಯಾರೂ ಅಲ್ಲ.

ಮರುದಿನ ಮ್ಯಾನೇಜರ ಮುಂದೆ ನಿಂತು, ಈಚೆ ಬದಿಯ ಬುಡದಲ್ಲಿ ಒರತೆ ಇದೆ, ಅದು ಬತ್ತುತ್ತಿದೆ, ಒಂಬತ್ತನೇ ಬ್ಲಾಕ್ ಬೇಡ ಅಂದ. ಮ್ಯಾನೇಜರು ಸಿಟ್ಟಾಗಲಿಲ್ಲ. ಅದೇ ಅವರ ದೊಡ್ಡತನ. ಕನ್ನಡಕ ತೆಗೆದು ಒರೆಸಿಕೊಂಡರು.

“ಪೆಟ್ಟಿಗೇಲಿ ದೂರು ಬಂದಿದ್ಯಾ?”

“ಇಲ್ಲ ಸರ್.”

“ಸಭೇಲಿ ಯಾರಾದ್ರೂ ಹೇಳಿದ್ರಾ?”

“ಇಲ್ಲ ಸರ್. ಅವರು ಹೇಳಲ್ಲ. ನಾನು ಅಳಿಯ ಅಂತ...”

“ಮತ್ತೆ ನಿಮ್ಮನ್ನ ಆ ಕುರ್ಚಿಯಲ್ಲಿ ಕೂರಿಸಿದ್ದು ಯಾಕೆ ಅಂದ್ಕೊಂಡಿದ್ರಿ?” ಅಂದರು ಮ್ಯಾನೇಜರು, ನಗುತ್ತಲೇ. “ದೂರು ಬಂದರೆ ನೋಡೋಣ. ಕಂಪನಿ ದೂರಿಗೆ ಬೆಲೆ ಕೊಡತ್ತೆ. ಆದರೆ ದೂರೇ ಇಲ್ಲದಿದ್ರೆ ನಾನೇನು ಮಾಡ್ಲಿ? ಹೋಗಿ, ತಪಾಸಣೆಗೆ ತಯಾರಿ ಮಾಡಿ.”

ಇಂಗು ತಿಂದ ಮಂಗನಂತೆ ಹೊರಗೆ ಬಂದ. ಅಲ್ಲಿಂದ ನೆಟ್ಟಗೆ ಅತ್ತೆಯ ಮನೆಗೆ ಹೋದ. ಮುಂಚಿತವಾಗಿ ಹೇಳದೆ ಬಂದದ್ದಕ್ಕೆ ಅತ್ತೆ ಕಂಗಾಲು. ಮೆತ್ತೆ ಹುಡುಕಿದಳು, ಲೋಟ ತೊಳೆಯಲು ಹೋದಳು.

“ನೀರು ಬೇಡ ಅತ್ತೆ. ಕೂತ್ಕೊಳ್ಳಿ. ನನಗೆಲ್ಲ ಗೊತ್ತಾಗಿದೆ.”

“ಏನು ಗೊತ್ತಾಯ್ತು?” ಅತ್ತೆಯ ಮುಖದ ಬಣ್ಣ ಹೋಯಿತು. “ನನ್ನ ಮಗಳು ಏನಾದ್ರೂ ತಪ್ಪು ಮಾಡಿದ್ಲಾ?”

“ಅಯ್ಯೋ, ಅವಳ ಮಾತಲ್ಲ. ಒರತೆ ಮಾತು. ತಪಾಸಣೆಯವರು ಬರ್ತಾರೆ. ಅವರ ಮುಂದೆ ಹೇಳಿ. ನೀವೊಬ್ರು ಬಾಯಿ ಬಿಟ್ರೆ ಉಳಿದವರೂ ಬಿಡ್ತಾರೆ.”

“ಒರತೆಗೇನಾಗಿದೆ? ಚೆನ್ನಾಗಿದೆಯಲ್ಲ.”

“ಅತ್ತೆ, ಹಿತ್ತಿಲಿಗೆ ಹೋಗೋಣ ಬನ್ನಿ, ತೋರಿಸಿ.”

“ಕೊಚ್ಚೆ ಅಳಿಯಂದ್ರೇ,” ಅಂದಳು ಅತ್ತೆ. ಹೊರಗೆ ದೂಳು ಏಳುತ್ತಿತ್ತು. “ಅಳಿಯನ ಕಂಪನಿ ಮೇಲೆ ದೂರು ಹೇಳೋಕೆ ನನಗೇನು ತಲೆ ಕೆಟ್ಟಿದ್ಯಾ? ಎಲ್ಲ ಚೆನ್ನಾಗಿದೆ. ನೀವು ಚೆನ್ನಾಗಿರಿ, ಅವಳು ಚೆನ್ನಾಗಿರ್ಲಿ, ಅಷ್ಟು ಸಾಕು.”

ಅವನಿಗೆ ಮುಂದೆ ಒತ್ತಾಯಿಸುವ ಧೈರ್ಯ ಬರಲಿಲ್ಲ.

ತಪಾಸಣೆಗೆ ಇಬ್ಬರು ಬಂದರು. ಅಗಲ ಅಂಚಿನ ಟೋಪಿ ಹಾಕಿಕೊಂಡ ಒಬ್ಬ ನಡುವಯಸ್ಸಿನ ಹೆಂಗಸು, ಜೊತೆಗೆ ಕ್ಯಾಮೆರಾ ಹಿಡಿದ ಸಹಾಯಕ. ಟೋಪಿಯವಳು ಕೆಟ್ಟವಳಲ್ಲ. ಶಾಲೆಯ ಜಗುಲಿಯಲ್ಲಿ ಎಲ್ಲರ ಜೊತೆ ನೆಲದ ಮೇಲೇ ಕೂತಳು. ಕಂಪನಿಯವರು ಹೊರಗಿರಬೇಕೆಂಬ ನಿಯಮವಿತ್ತು, ಮ್ಯಾನೇಜರು ತಮ್ಮ ಜೀಪಿನಲ್ಲೇ ಉಳಿದರು. “ಇವರು ಊರಿನ ನೆಂಟರು, ಇಲ್ಲೇ ಇರ್ಲಿ, ಜನಕ್ಕೆ ಧೈರ್ಯ,” ಎಂದು ಅಳಿಯನನ್ನು ಮಾತ್ರ ಒಳಗೆ ಬಿಟ್ಟಿದ್ದರು. ಎಂಥ ತಲೆ ನೋಡಿ ಆ ಮನುಷ್ಯಂದು!

ತೊಂದರೆ ಇದೆಯೇ ಎಂದು ಟೋಪಿಯವಳು ಕೇಳಿದಳು. ಇಲ್ಲ ಅಂದರು. ಹೊಸ ಬ್ಲಾಕಿಗೆ ಒಪ್ಪಿಗೆಯೇ? ಆಯ್ತಲ್ಲ, ಅಂದರು. ಅಳಿಯ ಎದ್ದು ನಿಂತ.

“ಅಮ್ಮಾ, ನಾನು ಊರಿನ ನೆಂಟ ಅಲ್ಲ. ಕಂಪನಿಯ ಸಂಬಳದವನು. ನಾನಿದ್ರೆ ಇವರು ಬಾಯಿ ಬಿಡಲ್ಲ. ನಾನು ಹೊರಗೆ ಹೋಗ್ತೀನಿ.” ಊರವರ ಕಡೆ ತಿರುಗಿದ. “ಇವತ್ತೊಂದು ದಿನ ನಾನು ನಿಮ್ಮ ಅಳಿಯ ಅಲ್ಲ ಅಂದ್ಕೊಳ್ಳಿ. ಇರೋದನ್ನ ಇದ್ದಹಾಗೆ ಹೇಳಿ.”

ಯಾರೋ ಕಿಸಕ್ಕೆಂದರು. ತಮಾಷೆ ಎಂದುಕೊಂಡಿರಬೇಕು. ಅವನು ಹೊರಗೆ ಹೋಗಿ ಶಾಲೆಯ ಕಾಂಪೌಂಡಿನ ಗೋಡೆಗೆ ಒರಗಿ ನಿಂತ. ಒಳಗಿನಿಂದ ಮಾತಿನ ಸದ್ದು ಜೋರಾಗಿಯೇ ಬರತೊಡಗಿತು. ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು, ಹೆಂಗಸರ ದನಿಯೂ ಇತ್ತು. ಹೇಳುತ್ತಿದ್ದಾರೆ! ಕಡೆಗೂ ಹೇಳುತ್ತಿದ್ದಾರೆ! ಅವನ ಎದೆಯ ಭಾರ ಇಳಿದಂತಾಯಿತು. ಕೆಲಸ ಹೋದರೆ ಹೋಗಲಿ, ದಿಮ್ಮಿ ಎಣಿಸಿದವನಿಗೆ ಎಲ್ಲಾದರೂ ದಿಮ್ಮಿ ಸಿಗುತ್ತವೆ ಎಂದುಕೊಂಡ.

ಟೋಪಿಯವಳು ಹೊರಗೆ ಬಂದಳು. ಮುಖದ ತುಂಬ ನಗು.

“ನಿಮ್ಮನ್ನ ಎಷ್ಟು ಹೊಗಳಿದ್ರು ಅಂತೀರಿ! ನಿಮ್ಮಂಥವರು ಇನ್ನೊಬ್ರಿಲ್ಲವಂತೆ. ಯಾವ ತೊಂದರೆಯೂ ಇಲ್ಲವಂತೆ. ನಿಮ್ಮ ಕೆಲಸಕ್ಕೆ ಏನೂ ಮಾಡ್ಬೇಡಿ ಅಂತ ನನ್ನನ್ನೇ ಕೇಳ್ಕೊಂಡ್ರು.”

ಹೊರಗೆ ಹೋದವನ ಕೆಲಸ ಏನೋ ಅಪಾಯದಲ್ಲಿದೆ ಎಂದು ಭಾವಿಸಿ, ಪಾಪ, ಎಲ್ಲರೂ ಪೈಪೋಟಿಯ ಮೇಲೆ ಅವನನ್ನು ಉಳಿಸಿದ್ದರು. ಅಳಿಯ ಅಲ್ಲ ಅಂದ್ಕೊಳ್ಳಿ ಅಂದರೆ ಆಗುತ್ತದೆಯೇ? ಅಳಿಯ ಅಳಿಯನೇ.

ಮ್ಯಾನೇಜರು ಜೀಪಿನ ಬಾಗಿಲು ತೆಗೆದರು. ಟೋಪಿಯವಳು ಹತ್ತಲು ಹೊರಟಳು. ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಬಂದಳು. ಒಂದು ಕಟ್ಟು ಹರಿವೆ ಟೋಪಿಯವಳಿಗೆ, ಒಂದು ಅಳಿಯನಿಗೆ. ಅತಿಥಿಗಳು ಬರಿಗೈಯಲ್ಲಿ ಹೋಗಬಾರದು ನೋಡಿ.

“ಅಬ್ಬಾ, ಎಷ್ಟು ಚೆನ್ನಾಗಿದೆ! ನೀವೇ ಬೆಳೆದಿದ್ದಾ?” ಅಂದಳು ಟೋಪಿಯವಳು.

“ಹೂಂ, ನಮ್ಮ ಹಿತ್ತಿಲದ್ದೇ,” ಅಂದಳು ಅತ್ತೆ.

ಅಳಿಯ ಕೈಯಲ್ಲಿದ್ದ ಕಟ್ಟನ್ನು ನೋಡಿದ. ಕೆಂಪು ರಬ್ಬರ್ ಬ್ಯಾಂಡು. ಮುಂದೆ ಏನು ಮಾಡಬೇಕೆಂದು ಅವನಿಗೆ ತಟ್ಟನೆ ಗೊತ್ತಾಯಿತು, ಗೊತ್ತಾದ್ದಕ್ಕೆ ಅಳು ಬಂದಂತಾಯಿತು. ಸುಳ್ಳು ಹೇಳಿದವಳನ್ನು ಅಪರಿಚಿತರ ಮುಂದೆ ಸುಳ್ಳಿಯೆಂದು ತೋರಿಸಬೇಕು. ಬೇರೆ ದಾರಿ ಇರಲಿಲ್ಲ.

“ಅತ್ತೆ, ಆ ಹಿತ್ತಿಲನ್ನ ಇವರಿಗೂ ತೋರಿಸೋಣ,” ಅಂದ.

“ಕೊಚ್ಚೆ ಅಳಿಯಂದ್ರೇ, ಬೂಟು...”

ಅವನು ಬಗ್ಗಿ ಬೂಟು ಬಿಚ್ಚಿದ. ಶಾಲೆಯ ಗೋಡೆಯ ಬುಡದಲ್ಲಿಟ್ಟು, ಬರಿಗಾಲಲ್ಲಿ ಅತ್ತೆಯ ಮನೆಯ ಕಡೆ ನಡೆದ. ಟೋಪಿಯವಳು ಒಂದು ಕ್ಷಣ ಅವನ ಕಾಲನ್ನು ನೋಡಿದಳು, ಆಮೇಲೆ ಹಿಂದೆಯೇ ಹೊರಟಳು. ಮ್ಯಾನೇಜರು ಹೊತ್ತಾಯಿತು ಎಂದು ಕೂಗಿದ್ದು ಕೇಳಿಸಿದರೂ ತಿರುಗಲಿಲ್ಲ.

ಅತ್ತೆ ಬೇರೆ ದಾರಿಯಿಂದ ಓಡಿ ಬಂದು ಒಳಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದಳು. “ಬೇಡಿ ಅಳಿಯಂದ್ರೇ. ನನ್ನ ಮರ್ಯಾದೆ ತೆಗೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ನಾನೇ ಬೀಳ್ಬೇಕು ಅತ್ತೆ,” ಅಂದ ಅವನು. ಅವಳ ಕೈಯನ್ನು ಮೆಲ್ಲಗೆ ಸರಿಸಿ ದಾಟಿ ಹೋದ.

ಹಿತ್ತಿಲಲ್ಲಿ ಕೊಚ್ಚೆ ಇರಲಿಲ್ಲ. ಪಾತಿಗಳ ಏರಿ ಹಾಗೇ ಇತ್ತು, ಒಳಗೆ ಬಿರುಕು ಬಿಟ್ಟ ಮಣ್ಣು, ಒಣಗಿದ ದಂಟು. ಕಾಲುವೆಯಲ್ಲಿ ಕೋಳಿ ಕೆದಕುತ್ತಿತ್ತು. ಬಂಡೆಯ ಸಂದಿಗೆ ಯಾರೋ ಒಂದು ಎಲೆಯನ್ನು ಮಡಚಿ ಸಿಕ್ಕಿಸಿದ್ದರು, ಅದರ ತುದಿಯಿಂದ ತೊಟ್ಟು ತೊಟ್ಟಾಗಿ ನೀರು ಬಿಂದಿಗೆಗೆ ಬೀಳುತ್ತಿತ್ತು. ಹಿಂದೆ ಖಾಲಿ ಬಿಂದಿಗೆಗಳ ಸಾಲು. ಸಾಲು ಕಾಯುತ್ತಿದ್ದ ಬಸುರಿ ಹೆಂಗಸು ಅಳಿಯನನ್ನು ಕಂಡು ಗಾಬರಿಯಿಂದ ಎದ್ದು ನಿಂತಳು.

ಟೋಪಿಯವಳು ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಆ ತೊಟ್ಟನ್ನೇ ನೋಡಿದಳು. ತಲೆಯೆತ್ತಿ ಮೇಲಿನ ಇಳಿಜಾರನ್ನು, ಒಂಬತ್ತನೇ ಬ್ಲಾಕಿಗೆಂದು ನೆಟ್ಟಿದ್ದ ಗುರುತಿನ ಗೂಟಗಳನ್ನು ನೋಡಿದಳು. ಕೈಯಲ್ಲಿದ್ದ ಹರಿವೆಯ ಕಟ್ಟನ್ನೂ ಒಮ್ಮೆ ನೋಡಿಕೊಂಡಳು. ಸಹಾಯಕ ಫೋಟೋ ತೆಗೆಯತೊಡಗಿದ.

ಊರವರು ಒಬ್ಬೊಬ್ಬರಾಗಿ ಬಂದು ಬೇಲಿಯ ಹತ್ತಿರ ನಿಂತರು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲವಲ್ಲ, ಬಾಯಿ ತೆರೆದದ್ದು ಆಗಲೇ. ಮೊದಲು ಬಸುರಿ ಹೆಂಗಸು, ಆಮೇಲೆ ಎಲ್ಲರೂ. ಮಾರಿದ ದನದ ಮಾತು, ದೂರದ ಹಳ್ಳಕ್ಕೆ ನಡೆದ ಮಾತು. ಟೋಪಿಯವಳಿಗೆ ಹೇಳುತ್ತ ಹೇಳುತ್ತ ಒಬ್ಬ ಮುದುಕ ತಟ್ಟನೆ ಅಳಿಯನ ಕಡೆ ತಿರುಗಿದ. “ಇಷ್ಟು ದಿನ ಎಲ್ಲಿ ಸತ್ತಿದ್ದೆ ನೀನು?” ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ.

ಅತ್ತೆ ಹಿತ್ತಿಲಿಗೆ ಬರಲಿಲ್ಲ. ಒಳಮನೆಯ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವನು ಹೋಗುವಾಗ ಕರೆದರೂ ತಿರುಗಲಿಲ್ಲ.

ಒಂಬತ್ತನೇ ಬ್ಲಾಕ್ ನಿಂತಿತು. ನಿಂತಿತು ಅಂದರೆ, ನೀರಿನ ಅಳತೆ ನಡೆದು ವರದಿ ಬರುವತನಕ ನೆಡುವಂತಿಲ್ಲ ಎಂದಾಯಿತು. ಆಚೆ ಬದಿಯ ಮರ ಕಡಿಯುವ ಮಾತಿಗೆ ಕಂಪನಿ, ಪರಿಶೀಲಿಸುತ್ತೇವೆ ಅಂದಿದೆ. ಪರಿಶೀಲನೆ ಇನ್ನೂ ನಡೆಯುತ್ತಿದೆ. ಅಳಿಯನ ಕೆಲಸ ಮಾತ್ರ ಯಾವ ಪರಿಶೀಲನೆಯೂ ಇಲ್ಲದೆ ಹೋಯಿತು. ಕ್ವಾರ್ಟರ್ಸು ಬಿಟ್ಟು ಪೇಟೆಯಲ್ಲಿ, ಸಾಮಿಲ್ಲಿನ ಹಿಂದಿನ ಒಂದು ಕೋಣೆಗೆ ಬಂದರು. ಮತ್ತೆ ಅದೇ ದಿಮ್ಮಿ, ಅದೇ ಕಿವಿಯೊಳಗಿನ ಪುಡಿ. ಜನಸಂಪರ್ಕದ ಕುರ್ಚಿಗೆ ಕಂಪನಿ ಹೊಸಬನನ್ನು ಹುಡುಕಿಕೊಂಡಿತು. ಯಾರು ಅಂತ ಕೇಳಬೇಡಿ. ಅತ್ತೆಯ ಪಕ್ಕದ ಮನೆಯ ಅಳಿಯ.

ಹೆಂಡತಿ ಒಬ್ಬಳೇ ತವರಿಗೆ ಹೋಗಿ ಬರುತ್ತಿದ್ದಳು. “ಅಮ್ಮ ಏನಂದ್ರು?” ಎಂದು ಅವನು ಕೇಳುವನು. “ಏನೂ ಅನ್ಲಿಲ್ಲ,” ಎನ್ನುವಳು. ಸೊಪ್ಪು ಬರುತ್ತಿರಲಿಲ್ಲ. ತಾನು ಮಾಡಿದ್ದು ಸರಿಯೆಂದು ಅವನಿಗೆ ಗೊತ್ತಿತ್ತು. ಆದರೂ ಬಾಗಿಲಿಗೆ ಅಡ್ಡವಿದ್ದ ಆ ಎರಡು ಕೈಗಳ ನೆನಪಾದರೆ ಅರ್ಧ ಊಟಕ್ಕೇ ತಟ್ಟೆ ಸರಿಸಿ ಏಳುತ್ತಿದ್ದ.

ಕಡೆಗೆ ಹೆಂಡತಿಯೇ ಒಂದು ದಿನ ಅವನನ್ನು ಹೊರಡಿಸಿದಳು. ಊರಿನ ದಾರಿಯಲ್ಲಿ ಎದುರಾದವರು, “ಬಂದ್ರಾ,” ಅಂದರು, ಮುಂದಿನ ಪದ ನುಂಗಿಕೊಂಡರು. ಅತ್ತೆಯ ಜಗುಲಿಯಲ್ಲಿ ಬೆತ್ತದ ಕುರ್ಚಿ ಇರಲಿಲ್ಲ. ಅವನು ಅಂಗಳದಲ್ಲೇ ನಿಂತ. ಅತ್ತೆ ಹೊರಗೆ ಬಂದಳು. ಇಳಿದುಹೋಗಿದ್ದಳು. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಅಲ್ಲೇನು ನಿಂತಿದ್ದೀಯಾ?”

ಅವನು ಗಕ್ಕನೆ ತಲೆಯೆತ್ತಿದ. ಇಷ್ಟು ವರ್ಷದಲ್ಲಿ ಆ ಬಾಯಿಂದ ಅವನಿಗೆ ಏಕವಚನ ಬಂದಿರಲಿಲ್ಲ. ಬೈಗುಳವೋ, ಮಗನಿಗೆ ಅನ್ನುವ ಮಾತೋ? ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

“ಸೊಪ್ಪಿಲ್ಲ ಇವತ್ತು,” ಅಂದಳು. “ಬಿಂದಿಗೆ ತಗೋ. ನಮ್ಮನೆ ಸರದಿ ಬಂದಿದೆ.”

ಅವನು ಒಳಮನೆ ದಾಟಿ ಹಿತ್ತಿಲಿಗೆ ಹೋದ. ಯಾರೂ ತಡೆಯಲಿಲ್ಲ. ಎಲೆಯ ತುದಿಗೆ ಬಿಂದಿಗೆ ಹಿಡಿದು ಕೂತ. ತೊಟ್ಟು ಬಿತ್ತು, ಆಮೇಲೆ ಇನ್ನೊಂದು. ಕಾಲು ಜೋಮು ಹಿಡಿಯಿತು, ಬಿಸಿಲು ಬೆನ್ನಿನಿಂದ ತಲೆಗೆ ಏರಿತು. ಮುಂದಿನ ಸರದಿಯವಳು ಬಂದು ನಿಂತಾಗ ಬಿಂದಿಗೆ ಅರ್ಧವೂ ತುಂಬಿರಲಿಲ್ಲ. ಅಷ್ಟನ್ನೇ ಎತ್ತಿಕೊಂಡು ಒಳಗೆ ಬಂದ.

ಅತ್ತೆ ಬಿಂದಿಗೆಯೊಳಗೆ ಬಗ್ಗಿ ನೋಡಿದಳು.

“ಇಷ್ಟೇ ಸಿಕ್ಕಿದ್ದು ಅತ್ತೆ,” ಅಂದ ಅವನು.

“ಇಷ್ಟೇ ಸಿಗೋದು ಕಣೋ,” ಅಂದಳು ಅವಳು. ಅಷ್ಟು ಅಂದು ಬಿಂದಿಗೆಯ ಪಕ್ಕದಲ್ಲೇ ಕುಸಿದು ಕೂತು, ಅವನ ಮುಂದೆ ಮೊದಲ ಸಲ ಅತ್ತಳು. “ಎಷ್ಟು ದಿನದಿಂದ ನಿನಗೆ ಹೇಳ್ಬೇಕು ಅಂತಿದ್ದೆ.”